ಒಂಬತ್ತನೇ ನಂಬರಿನ ರಕ್ತ

ಚರಂಡಿಯ ನೀರು ಮೊಣಕಾಲು ಮುಟ್ಟುತ್ತಿತ್ತು. ಬೆಳಿಗ್ಗೆ ಕೆಂಪು, ಮಧ್ಯಾಹ್ನ ಕಂದು, ಸಂಜೆಗೆ ಬಣ್ಣವೇ ಇಲ್ಲ, ಬರೀ ವಾಸನೆ. ಕಸಾಯಿಖಾನೆಯ ನೆಲ ತೊಳೆದದ್ದು, ಕರುಳು ತೊಳೆದದ್ದು, ದೊಡ್ಡಿಯಲ್ಲಿ ಸರದಿ ಕಾಯುವ ದನಗಳ ಗಂಜಲ, ಎಲ್ಲ ಬಂದು ಬೀಳುತ್ತಿದ್ದುದು ಈ ಒಂದೇ ಚರಂಡಿಗೆ. ಅದು ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳುವವರು ಇಪ್ಪತ್ಮೂರು ಜನ. ಅವರ ಮುಂದಾಳು ದೊಡ್ಡಕ್ಕ. ಅವಳಿಗಿಂತ ಹಿರಿಯರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಚರಂಡಿಯ ಕೊನೆಯ ಹಲಗೆಯನ್ನು ಎತ್ತಿ ಇಳಿಸುವ ಸರಪಳಿ ಅವಳ ಕೈಯಲ್ಲಿತ್ತು. ಎತ್ತಿದರೆ ನೀರು ಹೊರಗೆ ಹರಿಯುತ್ತದೆ. ಇಳಿಸಿದರೆ ನಿಲ್ಲುತ್ತದೆ.

ಬೂಟುಗಳಿದ್ದವು, ಎಂಟು ಜೊತೆ. ಎಂಟಕ್ಕೂ ತೂತು. ಒಳಗೆ ನೀರು ತುಂಬಿದರೆ ಕಾಲು ಕಿತ್ತಿಡಲು ಆಗುತ್ತಿರಲಿಲ್ಲ. ಎಲ್ಲರೂ ಬರಿಗಾಲಲ್ಲೇ ಇಳಿಯುತ್ತಿದ್ದರು. ಬೆರಳ ಸಂದುಗಳು ವರ್ಷವಿಡೀ ಬಿರಿದಿರುತ್ತಿದ್ದವು. ಇಲಿಗಳು ಮಾತ್ರ ಗುಂಡಗುಂಡಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತ ಗೋಡೆಯಂಚಿನಲ್ಲಿ ಓಡಾಡುತ್ತಿದ್ದವು.

ಎಲ್ಲೂ ಬರೆದಿಡದ ನಿಯಮ ಒಂದಿತ್ತು. ಜ್ವರ ಬಂದವರಿಗೆ ಗೇಟು ಮುಚ್ಚುತ್ತದೆ. ಹಾಗಾಗಿ ಅಲ್ಲಿ ಯಾರಿಗೂ ಜ್ವರ ಬರುತ್ತಿರಲಿಲ್ಲ. "ಮೈ ಸ್ವಲ್ಪ ಬಿಸಿ" ಅನ್ನುತ್ತಿದ್ದರು, ಅಷ್ಟೆ.

ದೊಡ್ಡಕ್ಕನ ತಮ್ಮನಿಗೂ ಮೈ ಸ್ವಲ್ಪ ಬಿಸಿಯಾಯಿತು. ಅವನೂ ಆ ಇಪ್ಪತ್ಮೂರರಲ್ಲೊಬ್ಬ, ಕರುಳು ತೊಳೆಯುವ ಕೆಲಸವೂ ಅವನದೇ. "ಅಕ್ಕಾ, ಮೀನಖಂಡ ಯಾರೋ ಹಿಂಡಿದ ಹಾಗಾಗ್ತಿದೆ" ಅಂದ. ಎಣ್ಣೆ ತಿಕ್ಕಿದಳು. ಮೂರನೇ ದಿನ ಕಣ್ಣು ಕೆಂಪಾಯಿತು. ಐದನೇ ದಿನ ಹಳದಿ. ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

"ಕುಡೀತಾನಾ?" ಡಾಕ್ಟರ್ ಕೇಳಿದರು.

"ಟೀ ಬಿಟ್ರೆ ಏನೂ ಮುಟ್ಟಲ್ಲ ಸಾರ್."

"ಎಲ್ಲರೂ ಹಾಗೇ ಹೇಳೋದು."

"ಇಲಿಜ್ವರ ಇರಬಹುದಾ ಸಾರ್? ನಮ್ಮಲ್ಲಿಗೆ ಒಬ್ಬರು ಮೇಡಂ ಬಂದು ಇಲಿ, ನೀರು ಎಲ್ಲ ತಗೊಂಡು ಹೋಗಿದ್ರು."

ಡಾಕ್ಟರ್ ಒಂದು ಹಾಳೆ ಎಳೆದರು. "ಅದರ ವರದಿ ಬಂದಿದೆಯಮ್ಮ. ನಿಮ್ಮ ಜನ ಒಬ್ಬರಲ್ಲೂ ಅದರ ಸುಳಿವಿಲ್ಲ. ಇವನ ಕೆಲಸದ ಕಾರ್ಡಿನ ನಂಬರು ಎಷ್ಟು? ಒಂಬತ್ತು ತಾನೆ? ನೋಡಿ, ಒಂಬತ್ತರಲ್ಲಿ ಏನೂ ಇಲ್ಲ. ಇದು ಕುಡಿತದ್ದೇ."

ಹಾಳೆಯಲ್ಲಿ ಅವಳ ನಂಬರೂ ಇತ್ತು. ಹದಿನಾಲ್ಕು. ಏನೂ ಇಲ್ಲ.

ದೊಡ್ಡಕ್ಕ ತನ್ನ ಮೊಣಕೈಯ ಒಳಮಗ್ಗುಲನ್ನು ನೋಡಿಕೊಂಡಳು. ಅಲ್ಲಿಗೆ ಯಾರೂ ಯಾವತ್ತೂ ಸೂಜಿ ಚುಚ್ಚಿರಲಿಲ್ಲ.

ಆಗ ನೆನಪಾಯಿತು. ಹೋದ ತಿಂಗಳು ಮೇಸ್ತ್ರಿ ನಗುನಗುತ್ತ ಬಂದಿದ್ದ. "ನಾಳೆ ನಿಮಗೆಲ್ಲ ರಜಾ, ಕೂಲಿ ಸಮೇತ. ಕಾರ್ಡು ಮಾತ್ರ ಕೊಟ್ಟು ಹೋಗಿ, ಸೀಲು ಹಾಕಿಸಬೇಕು." ಹುಟ್ಟಿದ ಮೇಲೆ ಕಾಣದ ರಜಾ! ಹಾಲು ಕುಡಿದಷ್ಟು ಖುಷಿಯಾಗಿತ್ತು. ಇಪ್ಪತ್ಮೂರು ಕಾರ್ಡುಗಳನ್ನೂ ಒಟ್ಟುಮಾಡಿ, ದಾರ ಸುತ್ತಿ, ಅವನ ಕೈಗಿಟ್ಟವಳು ಅವಳೇ. ಕಾರ್ಡಿನ ಮೇಲೆ ಫೋಟೋ ಇರಲಿಲ್ಲ.

ತಮ್ಮನನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ ಮೇಡಂ ಕಸಾಯಿಖಾನೆಗೆ ಬಂದಳು. ಸಂಶೋಧನೆಯ ಹುಡುಗಿ, ತೆಳ್ಳಗೆ. ಬೋನುಗಳಲ್ಲಿ ಇಲಿ ಹಿಡಿದವಳು, ದನಗಳ ಮೂತ್ರ ಹಿಡಿದವಳು, ಚರಂಡಿಗೆ ಬಾಟಲಿ ಅದ್ದಿದವಳು ಅವಳೇ. ರಕ್ತ ತೆಗೆದದ್ದು ಮಾತ್ರ ಬೇರೆ ನರ್ಸು.

"ಒಳ್ಳೆ ಸುದ್ದಿ ದೊಡ್ಡಕ್ಕ" ಅಂದಳು. "ಇಲಿಯಲ್ಲಿದೆ, ದನದಲ್ಲಿದೆ, ನೀರಲ್ಲಂತೂ ತುಂಬಿದೆ. ನಿಮ್ಮಲ್ಲಿ ಮಾತ್ರ ಇಲ್ಲ. ನನಗೇ ಆಶ್ಚರ್ಯ."

ಹಿಂದಿನಿಂದ ಗೊಗ್ಗರು ದನಿಯೊಂದು ಕೆಮ್ಮಿತು. ಆ ದನಿಯಿಂದಲೇ ಅವನಿಗೆ ಗೊಗ್ಗ ಅಂತ ಹೆಸರು. "ಹೌದು ತಾಯಿ, ನಮ್ಮ ರಕ್ತಕ್ಕೆ ಬರೋಕೆ ರೋಗಕ್ಕೂ ಅಸಹ್ಯ."



"ಮೇಡಂ, ನನ್ನ ಕೈ ನೋಡಿ" ಅಂದಳು ದೊಡ್ಡಕ್ಕ. "ನಮ್ಮ ರಕ್ತ ಯಾರೂ ತೆಗೆದಿಲ್ಲ. ಆವತ್ತು ನಮಗೆ ರಜಾ ಇತ್ತು."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳ ಮುಖ ಬಿಳಿಚಿತು. "ಮತ್ತೆ ಸಾಲಿನಲ್ಲಿ ನಿಂತವರು…?"

ದೊಡ್ಡಕ್ಕ ಆಫೀಸಿನ ಕಿಟಕಿಯ ಕಡೆ ಗಲ್ಲ ಎತ್ತಿದಳು. ಒಳಗೆ ಗುಮಾಸ್ತರು ಫ್ಯಾನಿನ ಕೆಳಗೆ ಕೂತಿದ್ದರು.

"ನನ್ನ ತಮ್ಮನ ಕಣ್ಣು ಹಳದಿಯಾಗಿದೆ ಮೇಡಂ. ನಿಮ್ಮ ಹಾಳೆ ನೋಡಿ ಡಾಕ್ಟರು ಕುಡಿತ ಅಂತ ಬರೆದ್ರು."

ಹುಡುಗಿ ಆಸ್ಪತ್ರೆಗೆ ಫೋನು ಮಾಡಿ ಗೋಡೆಯ ಕಡೆ ತಿರುಗಿದಳು. ಮಾತಾಡುತ್ತ ಮಾತಾಡುತ್ತ ದನಿ ಸಣ್ಣಗಾಯಿತು. "ಔಷಧಿ ಈಗ ಶುರು ಮಾಡ್ತಾರೆ" ಅಂದಳು ತಿರುಗಿ. "ಆದರೆ ನಿನ್ನೆಯಿಂದ ಅವನಿಗೆ ಮೂತ್ರ ಬಂದಿಲ್ಲವಂತೆ. ನಾಲ್ಕು ದಿನ ಮುಂಚೆ ಗೊತ್ತಾಗಿದ್ರೆ…" ಚೀಲದಿಂದ ಸೂಜಿ, ಕೊಳವೆ ತೆಗೆದಳು. "ಎಲ್ಲರ ರಕ್ತ ಈಗಲೇ ಬೇಕು. ನಾನೇ ತೆಗೀತೀನಿ."

ಮೇಸ್ತ್ರಿ ಆಫೀಸಿನ ಮೆಟ್ಟಿಲಿಳಿದು ಬಂದ. "ಮೇಡಂ, ನಿಮ್ಮ ಪರ್ಮಿಷನ್ ಮುಗಿದಿದೆ. ಏ, ನೀವೆಲ್ಲ ಚರಂಡಿಗೆ ಇಳೀರಿ! ರೋಗ ಇದೆ ಅಂತ ಬರೆದ್ರೆ ಇದನ್ನ ಮುಚ್ಚಿಸ್ತಾರೆ. ಆಮೇಲೆ ಏನು ಮಣ್ಣು ತಿಂತೀರಾ? ನಿಮ್ಮ ಒಳ್ಳೇದಕ್ಕೇ ಮಾಡಿದ್ದು."

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಿದ್ರು" ಅಂದ ಗೊಗ್ಗ. "ಇಲ್ಲಿ ಇಲಿಗೂ ಸುಖ ಸ್ವಾಮಿ, ಸಂಕಟ ನಮಗೊಬ್ಬರಿಗೇ." ತೋಳು ಮಡಚಿ ಮೊದಲು ಕೂತವನು ಅವನು.

ದೊಡ್ಡಕ್ಕ ಚರಂಡಿಯ ಕೊನೆಗೆ ನಡೆದಳು. ಸರಪಳಿ ಬಿಟ್ಟಳು. ಹಲಗೆ ದಡಾರನೆ ಕೆಳಗೆ ಬಿತ್ತು.

ಒಳಗೆ ಕೆಲಸ ನಡೆಯುತ್ತಲೇ ಇತ್ತು. ನೀರು ಬರುತ್ತಲೇ ಇತ್ತು. ಹೋಗಲು ದಾರಿ ಇರಲಿಲ್ಲ.

"ಎತ್ತೇ ಅದನ್ನ!" ಮೇಸ್ತ್ರಿ ಕೂಗಿದ.

"ನೀವೇ ಇಳಿದು ಎತ್ತಿ ಮೇಸ್ತ್ರೀ. ಈ ನೀರಿಂದ ಯಾರಿಗೂ ಏನೂ ಆಗಲ್ವಲ್ಲ."

ಅವನು ಇಳಿಯಲಿಲ್ಲ. ಕೆಂಪು ನೀರು ಚರಂಡಿ ತುಂಬಿ ಅಂಗಳಕ್ಕೆ ಹರಡಿತು. ಕಟ್ಟೆಯ ಮೇಲೆ ಹುಡುಗಿ ಒಂದೊಂದೇ ನಂಬರು ಕೂಗುತ್ತಿದ್ದಳು. ಒಂದೊಂದೇ ತೋಳು ಮುಂದೆ ಬರುತ್ತಿತ್ತು. ಏಳು. ಎಂಟು.

"ಒಂಬತ್ತು."

ಯಾರೂ ಏಳಲಿಲ್ಲ.

"ಒಂಬತ್ತು ಆಸ್ಪತ್ರೆಯಲ್ಲಿದಾನೆ" ಅಂದಳು ದೊಡ್ಡಕ್ಕ, ಎಲ್ಲರಿಗೂ ಕೇಳುವ ಹಾಗೆ. "ಅವನ ಹೆಸರಲ್ಲಿ ರಕ್ತ ಕೊಟ್ಟವನು ಆಫೀಸಲ್ಲಿದಾನೆ. ಅವನನ್ನ ಕರೀರಿ."

ಆಫೀಸಿನ ಕಿಟಕಿ ಮುಚ್ಚಿಕೊಂಡಿತು. ನೀರು ಮೊದಲ ಮೆಟ್ಟಿಲು ಮುಟ್ಟಿತು. ಮೇಸ್ತ್ರಿ ಚರ್ಮದ ಬೂಟು ನೋಡಿಕೊಂಡು ಒಂದು ಮೆಟ್ಟಿಲು ಮೇಲೆ ಸರಿದ. ಇಪ್ಪತ್ತೆರಡು ಜನ ಅಲ್ಲಾಡದೆ ಅವನನ್ನೇ ನೋಡುತ್ತಿದ್ದರು.

ಆಫೀಸಿನ ಬಾಗಿಲಿಗೆ ಇನ್ನು ಮೂರು ಮೆಟ್ಟಿಲುಗಳಿದ್ದವು.