ಜಾಯಿಂಟ್ ಇಲ್ಲದ ಗುಂಡಿಗೆ

ಮೋನಿಷಾ ಏಳು ವರ್ಷದವಳಿದ್ದಾಗ ಅವಳಪ್ಪ ಮಧುಕರ್ ಒಂದು ಮಾತು ಕೊಟ್ಟಿದ್ದ. ಜೋಗುಪಾಳ್ಯದ ಮನೆ ಮುಂದೆ ಕೂತು ಯಾರದೋ ಸಂಪಿನ ಮೋಟಾರು ರಿಪೇರಿ ಮಾಡುತ್ತಿದ್ದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮಗಳು, "ಒಳಗೇನಿದೆ ಅಪ್ಪಾ?" ಅಂದಳು.

"ಯಾವುದರೊಳಗೆ ಏನಿದೆ ಅಂತ ಕೇಳಿದ್ರೂ ನಾನೇ ಬಿಚ್ಚಿ ತೋರಿಸ್ತೀನಿ ಕಣಮ್ಮ. ಇನ್ನೊಬ್ಬರ ಮುಂದೆ ಹೋಗಿ ನಿಂತ್ಕೊಳ್ಳೋ ಹಂಗೆ ಮಾಡಲ್ಲ," ಅಂದಿದ್ದ ಮಧುಕರ್.

ಹನ್ನೆರಡು ವರ್ಷ ಆ ಮಾತನ್ನು ನಡೆಸಿಕೊಂಡೇ ಬಂದ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು ಎಲ್ಲವೂ ಗೋಣಿಚೀಲದ ಮೇಲೆ ಬಿಚ್ಚಿಕೊಂಡವು. ಪಕ್ಕದ ಮನೆಯ ವಾಷಿಂಗ್ ಮಷೀನನ್ನು ಬಿಚ್ಚಿ ಜೋಡಿಸಿದ ಮೇಲೆ ಎರಡು ಸ್ಕ್ರೂ ಮಿಕ್ಕಿದ್ದವು. ಆ ವಿಷಯ ಅಪ್ಪ ಮಗಳಿಬ್ಬರೂ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಆಮೇಲೆ ಮೋನಿಷಾ ಕೆ.ಆರ್. ಪುರದ ಆಚೆಯ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಸೇರಿದಳು. ಬಯೋಮೆಡಿಕಲ್ ಅಂದಳು. ಏನಾದರೇನು, ಮಷೀನು ತಾನೇ ಅಂದುಕೊಂಡ ಮಧುಕರ್. ಮೂರನೇ ಸೆಮಿಸ್ಟರಿನಲ್ಲಿ ಮನೆಗೊಂದು ದಪ್ಪ ಪುಸ್ತಕ ಬಂತು. ಅದರ ರಟ್ಟಿನ ಮೇಲೆ ಚರ್ಮ ಸುಲಿದ ಮನುಷ್ಯನೊಬ್ಬ ಎರಡೂ ಅಂಗೈ ತೋರಿಸಿಕೊಂಡು ನಿಂತಿದ್ದ.

"ಇದು ಡಾಕ್ಟ್ರು ಓದೋದಲ್ವೇನಮ್ಮ?"

"ಆಸ್ಪತ್ರೆ ಮಷೀನು ಮಾಡೋರಿಗೆ ಮನುಷ್ಯನ ಒಳಗೇನಿದೆ ಅಂತ ಗೊತ್ತಿರ್ಬೇಡ್ವಾ ಅಪ್ಪಾ?"

ಒಳಗೇನಿದೆ. ಅದೇ ಮಾತು. ಆದರೆ ಈ ಸಲ ಮಧುಕರನ ಚೀಲದಲ್ಲಿ ಅದಕ್ಕೆ ಹೊಂದುವ ಸ್ಪ್ಯಾನರ್ ಇರಲಿಲ್ಲ.

ಸ್ಪ್ಯಾನರ್ ಇದ್ದದ್ದು ಇನಾಯತ್ ಉಲ್ಲಾನ ಹತ್ತಿರ. ಶಿವಾಜಿನಗರದಲ್ಲಿ ಮೂವತ್ತು ವರ್ಷದಿಂದ ಮಟನ್ ಅಂಗಡಿ ಅವನದು. ಒಂದು ಭಾನುವಾರ ಅಮ್ಮ ಹಂಸಳ ಜೊತೆ ಹೋದ ಮೋನಿಷಾ, ಗುಂಡಿಗೆಗಳನ್ನೆಲ್ಲ ಯಾಕೆ ಸೀಳಿಟ್ಟಿದೀರ ಅಂತ ಕೇಳಿದಳಂತೆ. ಒಳಗೆ ರಕ್ತ ಹೆಪ್ಪುಗಟ್ಟಿರುತ್ತೆ, ಸೀಳಿ ತೊಳೆದೇ ಮಾರೋದು ಬೇಟಿ ಅಂದನಂತೆ ಅವನು. ಅಷ್ಟಕ್ಕೇ ಬಿಡದೆ ಅವಳ ಬೆರಳನ್ನು ಒಳಗಿಡಿಸಿ ತೋರಿಸಿದನಂತೆ.

"ಎಡಗಡೆ ಗೋಡೆ ಎಷ್ಟು ದಪ್ಪ ಗೊತ್ತಾ ಅಪ್ಪಾ! ಪುಸ್ತಕದಲ್ಲಿ ಓದಿದ್ದೆ, ಇವತ್ತು ಮುಟ್ಟಿದೆ!"

ಅಲ್ಲಿಂದ ಭಾನುವಾರ ಬಂತೆಂದರೆ ಶಿವಾಜಿನಗರ. ಒಂದು ವಾರ ಮೂತ್ರಪಿಂಡ. ಇನ್ನೊಂದು ವಾರ ಇನಾಯತ್ ಚಾಚಾ ಶ್ವಾಸನಾಳಕ್ಕೆ ಪೈಪಿಟ್ಟು ಊದಿದರಂತೆ, ಶ್ವಾಸಕೋಶ ಪೂರಿಯಂತೆ ಉಬ್ಬಿತಂತೆ. ಒಂದು ಊಟ ಮುಗಿಯುವುದರೊಳಗೆ ಮಗಳ ಬಾಯಲ್ಲಿ ಎಂಟು ಸಲ ಚಾಚಾ ಬಂತು. ಮಧುಕರ್ ಎಣಿಸಿದ್ದ.

"ಏನೇ ಇದು, ಬರೀ ಮೂಳೆನೇ ಹಾಕಿದಾನೆ. ಬೇರೆ ಅಂಗಡಿ ನೋಡು," ಅಂದ ಹೆಂಡತಿಗೆ.

"ಮೊನ್ನೆವರೆಗೂ ನಲ್ಲಿಮೂಳೆ ನಲ್ಲಿಮೂಳೆ ಅಂತ ಚೀಪ್ತಿದ್ರಿ," ಅಂದಳು ಹಂಸ. "ಹೊಟ್ಟೆಕಿಚ್ಚಾದ್ರೆ ಹೊಟ್ಟೆಕಿಚ್ಚು ಅನ್ನಿ. ಮಟನ್‌ಗ್ಯಾಕೆ ಹೆಸರಿಡ್ತೀರ?"

ಮಧುಕರ್ ತಟ್ಟೆ ಸರಿಸಿ ಎದ್ದ. ಅರ್ಧ ಹಲಸೂರಿನ ನೀರು ಮೇಲೇರುವುದು ತನ್ನ ಕೈಯಿಂದ. ವಾಲ್ವ್ ಅಂದರೇನು ಅಂತ ತನ್ನ ಮಗಳಿಗೆ ಕುರಿ ಕಡಿಯುವವನು ಹೇಳಿಕೊಡಬೇಕೆ?

ಸೋಮವಾರ ಕಾಲೇಜಿನಲ್ಲಿ ಅವಳ ಸರದಿಯಿತ್ತು. ಗುಂಡಿಗೆಯ ವಾಲ್ವ್ ಹೇಗೆ ಮುಚ್ಚಿಕೊಳ್ಳುತ್ತದೆ ಎಂದು ನೀರು ಹಾಕಿ ಎಲ್ಲರೆದುರು ತೋರಿಸಬೇಕು. ಅದಕ್ಕೆ ಸೀಳದ ಗುಂಡಿಗೆಯೇ ಬೇಕು. ಇನಾಯತ್ ಉಲ್ಲಾ ಒಂದನ್ನು ರಕ್ತನಾಳಗಳ ಸಮೇತ ಎತ್ತಿಟ್ಟು ಶನಿವಾರ ಕೊಟ್ಟ. ಮೋನಿಷಾ ಅದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಳು.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದ ಮಧುಕರ್ ಆ ಡಬ್ಬಿ ತೆಗೆದ. ಅವಳು ಏಳುವಷ್ಟರಲ್ಲಿ ಬಿಚ್ಚಿಟ್ಟಿರಬೇಕು, ಬಾಮ್ಮ ನೋಡು ಅನ್ನಬೇಕು, ಅಷ್ಟೇ ಅವನ ಆಸೆ. ಹೊಸ ಪಂಪನ್ನು ನೋಡುವ ಹಾಗೇ ಸುತ್ತ ತಿರುಗಿಸಿ ನೋಡಿದ. ಜಾಯಿಂಟ್ ಇಲ್ಲದ ಮಷೀನು ಇಲ್ಲ. ಸಿಕ್ಕಿತು. ಮೇಲ್ಭಾಗದಲ್ಲಿ ಸುತ್ತಲೂ ಬಿಳೀ ಕೊಬ್ಬಿನ ಪಟ್ಟಿ, ಥೇಟ್ ಪಂಪಿನ ಜಾಯಿಂಟಿನಲ್ಲಿ ಕೂರುವ, ಗ್ರೀಸ್ ಮೆತ್ತಿದ ಗ್ಯಾಸ್ಕೆಟ್. ಅದರ ಗುಂಟ ಒಂದು ಸುತ್ತು ಚಾಕು ಓಡಿಸಿ ಮುಚ್ಚಳ ಎತ್ತಿದ.

ಒಳಗೆ ತೆಳ್ಳಗಿನ ಬಿಳೀ ಪೊರೆಗಳು ತುಂಡಾಗಿ ನೂಲಿನಂಥ ಎಳೆಗಳಿಗೆ ಜೋತಾಡುತ್ತಿದ್ದವು. ಮುಚ್ಚಳವನ್ನು ಮತ್ತೆ ಕೂರಿಸಲು ನೋಡಿದ. ಕೂರಲಿಲ್ಲ.

"ಏನಪ್ಪಾ ಮಾಡ್ತಿದೀಯ?" ಬಾಯಲ್ಲಿ ಬ್ರಷ್ ಇಟ್ಟುಕೊಂಡು ಮೋನಿಷಾ ನಿಂತಿದ್ದಳು.

"ನಿಂಗೆ ತೋರ್ಸೋಣ ಅಂತ..."

"ಅದು ಜಾಯಿಂಟ್ ಅಲ್ಲಪ್ಪಾ. ವಾಲ್ವ್ ಇರೋದೇ ಅದರೊಳಗೆ. ನೀನು ವಾಲ್ವನ್ನೇ ಕುಯ್ದಿದೀಯ." ಅವಳು ಕೂಗಾಡಲಿಲ್ಲ. "ನನ್ನನ್ನಾದ್ರೂ ಕೇಳ್ಬಹುದಿತ್ತಲ್ಲ," ಅಂದಳು. ಕೂಗಾಡಿದ್ದರೇ ವಾಸಿಯಿತ್ತು.

ಬೈಕಿನಲ್ಲಿ ಇಬ್ಬರೂ ಶಿವಾಜಿನಗರಕ್ಕೆ ಹೋದರು. ಅಂಗಡಿಯಲ್ಲಿ ಭಾನುವಾರದ ಜನ. ಬಾಯಲ್ಲಿ ಎಲೆಯಡಿಕೆ ಹಾಕಿಕೊಂಡು ಲಿವರಿಗೆ ಕಾದು ನಿಂತಿದ್ದ ಮುದುಕಿ ಇಮಾಮ್ ಬೀ ಎಲ್ಲರಿಗಿಂತ ಮುಂದೆ.

"ಏನ್ ಬೇಟಿ, ನಿನ್ನೆದು ಕೆಟ್ಟೋಯ್ತಾ?" ಅಂದ ಇನಾಯತ್ ಉಲ್ಲಾ.

"ನಾಯಿ ಎತ್ಕೊಂಡೋಯ್ತು ಚಾಚಾ," ಅಂದಳು ಮೋನಿಷಾ, ಅಪ್ಪನ ಕಡೆ ನೋಡದೆ.

ಆ ಮನುಷ್ಯನ ಎದುರು ಮಗಳು ತನ್ನ ಮಾನ ಕಾಯುವುದನ್ನು ಮಧುಕರನಿಗೆ ತಡೆಯಲಾಗಲಿಲ್ಲ. "ನಾಯಿ ಅಲ್ಲ, ನಾನೇ ಕುಯ್ದಿದ್ದು. ಮೇಲಿನ ಕೊಬ್ಬಿನ ಸುತ್ತ. ಗ್ಯಾಸ್ಕೆಟ್ ಅಂದ್ಕೊಂಡೆ."

"ಯಾ ಅಲ್ಲಾ!" ಇಮಾಮ್ ಬೀ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. "ಮೋಟಾರ್ ರಿಪೇರಿಯೋರಾ? ನಮ್ಮನೆ ಕಡೆ ಬರ್ಬೇಡಪ್ಪ, ನಂಗೂ ಎದೆನೋವಿದೆ!"

ಅಂಗಡಿಯೆಲ್ಲ ನಕ್ಕಿತು. ಇನಾಯತ್ ಉಲ್ಲಾ ಮಾತ್ರ ನಗಲಿಲ್ಲ. ಮಧುಕರನಿಗೆ ಅದಕ್ಕೂ ಸಿಟ್ಟು ಬಂತು. ನಕ್ಕಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು.

"ಎಲ್ಲಾ ಸೀಳಿ ತೊಳೆದಾಯ್ತು. ಈಗ ಬಂದಿರೋ ಕುರಿದು ಒಂದೇ ಒಂದಿದೆ," ಅಂತ ಇನಾಯತ್ ಉಲ್ಲಾ ಅದನ್ನು ತಂದು ಹಲಗೆಯ ಮೇಲಿಟ್ಟ. ಆಮೇಲೆ ಸಣ್ಣ ಚಾಕುವನ್ನು ತೊಳೆದು, ಹಿಡಿ ಮುಂದಾಗಿ ಮಧುಕರನ ಕಡೆ ಚಾಚಿದ. "ನೀವೇ ಕುಯ್ರಿ ಮಧುಕರ್ ಭಾಯ್. ಜಾಗ ನಾನು ಹೇಳ್ತೀನಿ."

ಮಧುಕರನ ಕೈ ಮುಂದೆ ಹೋಯಿತು. ಆಗ ಮಗಳ ಮುಖ ನೋಡಿದ. ಅವಳ ಕಣ್ಣು ಚಾಕುವಿನ ಮೇಲೇ ಇತ್ತು. ಕೆಲಸ ಬಾರದ ಮೆಕ್ಯಾನಿಕ್ ಮೋಟಾರು ಮುಟ್ಟುವಾಗ ಮನೆಯವರು ನೋಡುವ ಆ ನೋಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರ ಮೇಲೆ ಬಿದ್ದಿದ್ದನ್ನು ಎಷ್ಟೋ ಸಲ ನೋಡಿದ್ದ.

"ಬೇಡ. ನೀವೇ ಮಾಡಿ," ಅಂದ.

ಇನಾಯತ್ ಉಲ್ಲಾ ವಾಲ್ವಿಗೆ ತಾಗದಂತೆ ಎಡಗಡೆಯ ಮೇಲಿನ ಕೋಣೆಯನ್ನಷ್ಟೇ ಕತ್ತರಿಸಿ ತೆಗೆದ; ಸೋಮವಾರಕ್ಕೂ ಹೀಗೇ ಬೇಕಿತ್ತು. ಮಧುಕರನ ಕೈಗೆ ನೀರಿನ ಮಗ್ಗು ಬಂತು. ಅವನು ನೀರು ಸುರಿದ. ಇನಾಯತ್ ಉಲ್ಲಾ ಕೆಳಗಿನಿಂದ ಮೆಲ್ಲಗೆ ಅದುಮಿದಾಗ ಎರಡು ಬಿಳೀ ಪೊರೆ ತೇಲಿ ಬಂದು ಒಂದಕ್ಕೊಂದು ಕೂಡಿಕೊಂಡವು. ಮೇಲಕ್ಕೆ ಒಂದು ಹನಿಯೂ ಬರಲಿಲ್ಲ. ನೀರೆಲ್ಲ ಪಕ್ಕದ ದಪ್ಪ ನಾಳದಿಂದ ಚಿಮ್ಮಿ ಇನಾಯತ್ ಉಲ್ಲಾನ ಕನ್ನಡಕಕ್ಕೆ ಹಾರಿತು.

"ಮುಚ್ಕೊಳ್ತು! ಚಾಚಾ, ಮುಚ್ಕೊಳ್ತು!" ಮೋನಿಷಾ ಕುಣಿದಳು. ಅವನ ಎರಡೂ ಕೈ ರಕ್ತವಾಗಿದ್ದರಿಂದ ಅವಳೇ ಅವನ ಕನ್ನಡಕ ತೆಗೆದು, ದುಪಟ್ಟಾದಲ್ಲಿ ಒರೆಸಿ, ಮತ್ತೆ ಅವನ ಮೂಗಿನ ಮೇಲಿಟ್ಟಳು.

ಮಧುಕರ್ ಮಗ್ಗು ಹಿಡಿದು ನಿಂತಿದ್ದ. ಒಳಗೇನಿದೆ ಎಂದು ಅವತ್ತು ಅವಳಿಗೆ ತೋರಿಸಿದ್ದು ಇನಾಯತ್ ಉಲ್ಲಾ. ಮಧುಕರ್ ಕೊಟ್ಟ ಮಾತು ಉಳಿಯಲಿಲ್ಲ.