ಕೆಂಪು ತಟ್ಟೆಯಲ್ಲಿ ಹಸಿರು ಪಿಯೋನಿ

ನಮ್ಮ ಲುವೊಯಾಂಗ್‌ನಲ್ಲಿ ಚಳಿ ಕಳೆದರೆ ಸಾಕು, ಎಲ್ಲರ ಬಾಯಲ್ಲೂ ಪಿಯೋನಿ ಹೂವಿನದೇ ಮಾತು. ನಮ್ಮ ಅಂಗಳದ ಗಿಡ ಮಾತ್ರ ಮೂರು ವಸಂತ ಕಳೆದರೂ ಹೂ ಬಿಟ್ಟಿರಲಿಲ್ಲ. ತಪ್ಪು ಗಿಡದ್ದಲ್ಲ, ಮಾವ ಶೌತಿಯೆನ್ ಅವರದು. ಎಳೆಯ ಗಿಡದ ಮೊಗ್ಗು ಚಿವುಟಿದರೆ ಬೇರು ಬಲಿಯುತ್ತದೆ ಎನ್ನುವುದು ಇಲ್ಲಿಯ ಹಳಬರ ಪಾಠ. ನಿಜವೇ. ಆದರೆ ಎಲ್ಲಿ ನಿಲ್ಲಿಸಬೇಕೆಂದು ಮಾವನಿಗೆ ಗೊತ್ತಿರಲಿಲ್ಲ. ಬರುವ ವರ್ಷ ತಟ್ಟೆಯಗಲ ಅರಳುತ್ತದೆ ಎನ್ನುತ್ತ ಪ್ರತಿ ಸಲವೂ ಚಿವುಟುತ್ತಿದ್ದರು.

ಅತ್ತೆ ಗುಯಿಝೆನ್ ಅವರ ಕಣ್ಣು ಈ ಚಳಿಗಾಲದಲ್ಲಿ ಇನ್ನಷ್ಟು ಮಂಜಾಯಿತು. ವೈದ್ಯರು ಕೈಚೆಲ್ಲಿದರು. ತವರಿನ ಅಂಗಳದಲ್ಲಿದ್ದಂಥ ಹಸಿರು ಪಿಯೋನಿಯನ್ನು ಇನ್ನೊಮ್ಮೆ ನೋಡಬೇಕೆಂಬುದೇ ಅವರ ಆಸೆ. ಗಿಡ ತರಿಸಿದ್ದೂ ಅದಕ್ಕೇ. ಈ ಸಲ ಒಂದೇ ಮೊಗ್ಗು ಮೂಡಿತು. ಅತ್ತೆ ಅದರ ಪಕ್ಕದಲ್ಲೇ ಮಣೆ ಹಾಕಿಕೊಂಡು ಕಾವಲು ಕೂತರು. ಬೆಳ್ಳುಳ್ಳಿ ಸುಲಿದದ್ದೂ ಅಲ್ಲೇ, ಉಂಡದ್ದೂ ಅಲ್ಲೇ. ಮಾವ ಬೆರಳು ಉಜ್ಜಿಕೊಳ್ಳುತ್ತ ಬಂದರು.

"ಇನ್ನೊಂದೇ ವರ್ಷ ಕಣೇ."

"ಬರೋ ವರ್ಷ ಯಾರಿಗ್ರೀ ತೋರಿಸ್ತೀರಿ? ನಿಮ್ಮ ತಟ್ಟೆ ಹೂವನ್ನ ನಾನು ತಡವಿ ನೋಡ್ಬೇಕಾ?"

ಮಾವ ಒಳಗೆ ಹೋದರು. ಮಾರನೆಯ ದಿನ ಅತ್ತೆಗಿಂತ ಅವರದೇ ಕಾವಲು ಜೋರು. ಬಿಸಿಲೇರಿದರೆ ಕೊಡೆ, ಗಾಳಿ ಬೀಸಿದರೆ ಚಾಪೆ. ನಾನೂ ಮುಖ ತೊಳೆಯುವ ಮೊದಲೇ ಅಂಗಳಕ್ಕೆ ಓಡುತ್ತಿದ್ದೆ. ಊರಿನ ಹೂವೆಲ್ಲ ಉದುರುತ್ತ ಬಂದರೂ ನಮ್ಮದು ಬಿರಿಯಲಿಲ್ಲ. ಹಸಿರು ಪಿಯೋನಿ ಎಲ್ಲಕ್ಕಿಂತ ತಡ. ಪಕ್ಕದ ಮನೆಯ ಮಿಯಾವೊ ಚಿಕ್ಕಮ್ಮ ಗೋಡೆಯ ಮೇಲಿಂದ ಇಣುಕಿ ಹಸಿರು ಮೊಗ್ಗು ನೋಡಿ, ಎಲೆಕೋಸು ಚೆನ್ನಾಗಿ ಕಟ್ಟಿದೆ, ಪಲ್ಯಕ್ಕೆ ಕರೆಯಿರಿ ಎಂದು ಚುಚ್ಚಿದರು.

ಒಂದು ಬೆಳಗ್ಗೆ ಅದು ಅರಳಿತ್ತು! ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆಯನ್ನು ಕೈಹಿಡಿದು ಎಳೆದುಕೊಂಡೇ ಬಂದೆ. ಅವರು ಬಗ್ಗಿದರು, ಇನ್ನೂ ಬಗ್ಗಿದರು.

"ಎಲ್ಲೇ? ಬರೀ ಎಲೆನೇ ಕಾಣುತ್ತೆ."

ಹಸಿರು ಹಸಿರಲ್ಲಿ ಕಲೆತುಹೋಗಿತ್ತು. ಮಾವ ಒಳಗೆ ಹೋಗಿ ಕತ್ತರಿ ತಂದರು. ನಾನು ಬೇಡವೆಂದು ಕೈ ಹಿಡಿದೆ, ಅವರು ಕೊಸರಿಕೊಂಡು ಕತ್ತರಿಸಿಯೇಬಿಟ್ಟರು. ಹೂವನ್ನು ತಮ್ಮ ಮದುವೆಯ ಕಾಲದ ಕೆಂಪು ತಟ್ಟೆಯೊಂದರಲ್ಲಿ ಇಟ್ಟು, ಅತ್ತೆಯ ಮೂಗಿನ ಹತ್ತಿರ ಹಿಡಿದರು. ಮನೆಯಲ್ಲಿದ್ದ ಅತಿ ಚಿಕ್ಕ ತಟ್ಟೆ ಅದು.

"ನೋಡು, ತಟ್ಟೆ ತುಂಬಿದೆ."

ಅತ್ತೆ ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಆಮೇಲೆ ತಟ್ಟೆ ಕಿತ್ತುಕೊಂಡು, ದಾರಿ ತೋರಿಸು ಎಂದು ನನ್ನ ತೋಳು ಹಿಡಿದು ಬೀದಿಗೆ ಹೊರಟರು. ಮೊದಲು ಮಿಯಾವೊ ಮನೆಗೆ.