ಪುಟ್ಟ ಚಕ್ರ ಬರುವ ದಾರಿ

ಗಾಲಿಕುರ್ಚಿ ಮಾಡುವ ಆ ಕಾರ್ಖಾನೆಯಲ್ಲಿ ಬಿಡಿಭಾಗ ತರಿಸುವ ಕೆಲಸ ಅವಳದು. ಎದುರಿಗೆ ‘ಮೇಡಂ’ ಎನ್ನುತ್ತಿದ್ದವರೆಲ್ಲ ಬೆನ್ನ ಹಿಂದೆ ‘ಯಾಕಮ್ಮ’ ಎನ್ನುತ್ತಿದ್ದರು. ಮಾತೆತ್ತಿದರೆ ಯಾಕೆ ಎಂದು ಕೇಳುವುದು ಅವಳ ಚಾಳಿ.

ಆ ಮಳೆಗಾಲದಲ್ಲಿ ಕುರ್ಚಿಯ ಮುಂದಿನ ಪುಟ್ಟ ಚಕ್ರಗಳು ಬರುವುದೇ ನಿಂತುಹೋಯಿತು. ಒಬ್ಬರು ಕೈಕೊಟ್ಟರೆ ಇನ್ನೊಬ್ಬರಿರಲಿ ಎಂದು ಮೂರು ಊರುಗಳ ಮೂವರಿಂದ ತರಿಸುತ್ತಿದ್ದರು. ಮೂವರೂ ಒಂದೇ ವಾರ ಕೈಯೆತ್ತಿದರು. ಅರವತ್ತು ಕುರ್ಚಿಗಳು ಮೂತಿಯನ್ನು ನೆಲಕ್ಕೂರಿ ನಿಂತವು.

“ಮಳೆ ಕಣಮ್ಮಾ, ಇನ್ನೇನು” ಎಂದರು ಯಜಮಾನರು.

“ಸರ್, ಆ ಮೂರು ಊರಲ್ಲಿ ಎರಡು ಕಡೆ ಒಂದು ಹನೀನೂ ಬಿದ್ದಿಲ್ಲ. ಮತ್ತೆ ಯಾಕೆ?”

ಮೂವರಿಗೂ ಫೋನು ಮಾಡಿದಳು. ಇಬ್ಬರು ಹಾರಿಕೆಯ ಉತ್ತರ ಕೊಟ್ಟರು. ಮೂರನೆಯವನು ಬಾಯಿಬಿಟ್ಟ: ಚಕ್ರ ತನ್ನದೇ, ಅದರ ಸುತ್ತಲಿನ ರಬ್ಬರ್ ಬಳೆ ಮಾತ್ರ ಹೊಳೆದಂಡೆಯ ಒಂದು ಶೆಡ್ಡಿನದು. ಆ ಶೆಡ್ಡಿನ ಮಾತೆತ್ತಿ ಕೆದಕಿದಾಗ ಉಳಿದಿಬ್ಬರೂ ಹೂಂ ಎಂದರು.

ಮರುದಿನವೇ ಬಸ್ಸು ಹತ್ತಿದಳು. ಶೆಡ್ಡಿನ ಒಡತಿ, ಅರವತ್ತು ದಾಟಿದ ಹೆಂಗಸು, ಕಬ್ಬಿಣದ ಅಚ್ಚುಗಳಿಗೆ ಮೆತ್ತಿದ ಕೆಸರು ತೊಳೆಯುತ್ತ ಕೂತಿದ್ದಳು. ಗೋಡೆಯ ಮೇಲೆ ಒಂದರ ಮೇಲೊಂದು ಕೆಂಪು ಗೆರೆಗಳು. ಯಾಕಮ್ಮನ ಕಣ್ಣು ಅಲ್ಲೇ ನೆಟ್ಟಿತು.

“ಅದು ನೀರು ಬಂದ ಗುರುತು. ಕೆಳಗಿಂದು ನಾನು ಮದುವೆಯಾಗಿ ಬಂದ ವರ್ಷದ್ದು. ಆಮೇಲೆ ಮೂವತ್ತೈದು ವರ್ಷ ಸುದ್ದೀನೇ ಇಲ್ಲ. ಈಗ ಐದು ವರ್ಷದಲ್ಲಿ ಮೂರು ಸಲ. ಮಳೆಗೆ ಹೊತ್ತುಗೊತ್ತು ಅನ್ನೋದೇ ಇಲ್ಲ.”

“ಮತ್ತೆ ಯಾರಿಗೂ ಹೇಳಲಿಲ್ಲ, ಯಾಕೆ?” ಎಂದಳು ಯಾಕಮ್ಮ.

“ಹೇಳಿದ್ರೆ ಗಿರಾಕಿಗಳು ಬಿಟ್ಟುಹೋಗ್ತಾರಲ್ಲಾ ಮಗಳೇ.”

ಯಾಕಮ್ಮ ಒಂದು ಬಳೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಳು. ಸುಕ್ಕಿಲ್ಲದೆ ಮೊದಲಿನಂತೆಯೇ ಅರಳಿತು. ಇಂಥ ಕೈಗುಣ ಬೇರೆಡೆ ಸಿಗುವುದು ಕಷ್ಟ ಅನ್ನಿಸಿತು.

ವಾಪಸು ಬಂದವಳೇ ಯಜಮಾನರೆದುರು ಕೂತಳು. “ಆ ಶೆಡ್ಡಿನವರನ್ನ ಬಿಡೋದು ಬೇಡ ಸರ್. ಅರ್ಧದಷ್ಟು ಅಚ್ಚುಗಳು ಗುಡ್ಡದ ಮೇಲಿನ ನಮ್ಮ ಗೋದಾಮಿಗೆ ಬರಲಿ. ಆ ಒಡತಿಯ ಮಗಳಿಗೂ ಕೆಲಸ ಗೊತ್ತು, ಅವಳು ನೋಡ್ಕೊಳ್ತಾಳೆ. ಮಳೆಗೆ ಮುಂಚೆ ಎರಡು ತಿಂಗಳಿಗಾಗುವಷ್ಟು ಬಳೆ ಮಾಡಿಟ್ಕೊಳ್ಳೋಣ.”

“ಗೋದಾಮಲ್ಲಿರೋ ಹಳೇ ಸಾಮಾನು?”

“ಹತ್ತು ವರ್ಷದಿಂದ ಯಾರೂ ಮುಟ್ಟಿಲ್ಲ. ಯಾಕಿಟ್ಕೊಂಡಿದೀವಿ ಸರ್?”

ಯಜಮಾನರು ನಕ್ಕು, ಗೋದಾಮಿನ ಬೀಗದಕೈಯನ್ನು ಅವಳತ್ತ ಸರಿಸಿದರು.

ಮುಂದಿನ ವರ್ಷ ಹೊಳೆ ಮತ್ತೆ ಒಳನುಗ್ಗಿತು. ಶೆಡ್ಡು ಹದಿನೇಳು ದಿನ ಮುಚ್ಚಿತ್ತು. ಗುಡ್ಡದ ಮೇಲೆ ಮಾತ್ರ ಬಳೆಗಳು ಅಚ್ಚಿನಲ್ಲಿ ಬೇಯುತ್ತಲೇ ಇದ್ದವು. ಕುರ್ಚಿಗಳು ಸಮಯಕ್ಕೆ ಸರಿಯಾಗಿ ಲಾರಿ ಹತ್ತಿದವು. ಅಷ್ಟು ದಿನವೂ ಒಡತಿ ಮಗಳ ಪಕ್ಕದಲ್ಲೇ ನಿಂತು, ಅವಳು ತೆಗೆದ ಒಂದೊಂದು ಬಳೆಯಲ್ಲೂ ಹುಳುಕು ಹುಡುಕಿದಳು.

ಯಾಕಮ್ಮ ಆಗ ಊರಲ್ಲಿರಲಿಲ್ಲ. ಬ್ರೇಕಿನ ಸ್ಪ್ರಿಂಗು ನಿಜವಾಗಿ ತಯಾರಾಗುವುದೆಲ್ಲಿ ಎಂದು ಹುಡುಕುತ್ತ ಸಮುದ್ರದಂಚಿನ ಊರೊಂದಕ್ಕೆ ಹೋಗಿದ್ದಳು.